ಕಾರ್ಖಾನೆಯ ರೈಫಲ್ ಕೊಳ್ಳುವ ಮುನ್ನ ಅದರ ನೆತ್ತಿ ನೋಡಿ

ಸೆಪ್ಟೆಂಬರ್ ಕಳೆಯುತ್ತಿದ್ದಂತೆ ಯಾವ ಕಂಪನಿಯ ರೈಫಲ್ ಕೊಳ್ಳಬೇಕೆಂದು ನನಗೆ ಬರುವ ಪ್ರಶ್ನೆಗಳ ಧಾಟಿ ಒಂದೇ. "ಟಿಕ್ಕಾಗೆ ಅಷ್ಟು ಹೆಚ್ಚು ಕೊಡಬೇಕೇ, ರುಗರ್ ಸಾಲದೇ?" "ಸ್ಕೋಪ್ ಸಮೇತ ಬರುವ ಸ್ಯಾವೇಜ್ ಅಗ್ಗಕ್ಕೆ ಸಿಗುತ್ತಿದೆ, ತೆಗೆದುಕೊಳ್ಳಲೇ?" "ಪಕ್ಕದ ಮನೆಯ ಅಜ್ಜ ಹಳೆಯ ರೆಮಿಂಗ್ಟನ್ 700 ಮಾರುತ್ತಾರಂತೆ, ನಂಬಬಹುದೇ?" ಕೇಳುವವರು ಹೆಚ್ಚಾಗಿ ವಿಸ್ಕಾನ್ಸಿನ್, ಮಿನ್ನೆಸೋಟ ಕಡೆಯ ಕನ್ನಡಿಗರು. ಒಂದು ವರ್ಷ ಸಹೋದ್ಯೋಗಿಯ ಜೊತೆ ಜಿಂಕೆ ಬೇಟೆಗೆ ಹೋಗಿ ಬಂದು, ಮರುವರ್ಷ ಸ್ವಂತದ್ದೊಂದು ಇರಲಿ ಎಂದುಕೊಂಡವರು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ವಿಸ್ಕಾನ್ಸಿನ್‌ನಲ್ಲಿ ಒಂಬತ್ತು ದಿನಗಳ ಬಂದೂಕಿನ ಬೇಟೆ ಶುರುವಾಗುತ್ತದೆ. ಅಷ್ಟರೊಳಗೆ ರೈಫಲ್ ಕೊಂಡು, ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂರಿಸಿ, ಗುರಿ ಹೊಂದಿಸಿಕೊಂಡಿರಬೇಕು.

ಮೊದಲೇ ಒಂದು ಮಾತು. ಎಚ್-1ಬಿಯಂಥ ತಾತ್ಕಾಲಿಕ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳುವುದನ್ನು ಅಮೆರಿಕದ ಫೆಡರಲ್ ಕಾನೂನು ನಿಷೇಧಿಸುತ್ತದೆ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಹೊಂದಿರುವವರಿಗೆ ಅದರಲ್ಲೇ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಇರುವವರಿಗೆ ಈ ತೊಡಕಿಲ್ಲ. ಅಂಗಡಿಗೆ ಹೋಗುವ ಮುನ್ನ ನಿಮ್ಮ ಕಾಗದಪತ್ರ ಯಾವ ಬಗೆಯದು ಎಂದು ನೋಡಿಕೊಳ್ಳಿ.

ನಾನು ಕೊಡಗಿನವನು. ಆಯುಧ ಪೂಜಿಸುವ ಕೈಲ್ ಪೊಳ್ದ್ ಹಬ್ಬದ ದಿನ ಕೋವಿಗೆ ತೋಕ್‌ಪೂವು (ಕೋವಿ ಹೂವು) ಸಿಕ್ಕಿಸಿ ಪೂಜೆ ಮಾಡಿ, ಆಮೇಲೆ ಮರದ ತುದಿಯ ತೆಂಗಿನಕಾಯಿಗೆ ಗುಂಡು ಹೊಡೆಯುವುದನ್ನು ನೋಡುತ್ತಾ ಬೆಳೆದವನು. ಮನೆಯ ಜೋಡು ನಳಿಗೆಯ ಕೋವಿಗೆ ಸ್ಕೋಪೂ ಇರಲಿಲ್ಲ, ಸ್ಕೋಪ್ ಕೂರಿಸುವ ತೂತೂ ಇರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹುಟ್ಟಿದ ನಮ್ಮಂಥವರಿಗೆ ಊರಿನಲ್ಲಿ ಕೋವಿಯೆಂದರೆ ಹಬ್ಬ ಮತ್ತು ಮದುವೆ, ಅಷ್ಟೆ. ಬೇಟೆ ಕಲಿತದ್ದು ಇಲ್ಲಿ ಬಂದ ಮೇಲೆ. ಸ್ಕೋಪಿನ ತಲೆನೋವು ಶುರುವಾದದ್ದೂ ಆಗಲೇ.

ನನ್ನ ಮೊದಲ ರೈಫಲ್ ಎರಡು ಕಡೆ ಹೊಡೆಯುತ್ತಿತ್ತು. 100 ಗಜದ ಹಲಗೆಯ ಮೇಲೆ ಮೂರು ಗುಂಡು ಒಟ್ಟಿಗೆ ಬೀಳುತ್ತಿದ್ದವು, ನಾಲ್ಕನೆಯದು ಒಂದು ಗೇಣು ಆಚೆ, ಐದನೆಯದು ಅದರ ಪಕ್ಕ. ಮತ್ತೆ ಆರನೆಯದು ಮೊದಲಿನ ಜಾಗಕ್ಕೆ. ಮೂರು ಪೆಟ್ಟಿಗೆ ತೋಟೆ ಖರ್ಚಾಯಿತು. ಮೊದಲು ನನ್ನ ಕೈಯನ್ನು ಬೈದುಕೊಂಡೆ, ಆಮೇಲೆ ನಳಿಗೆಯನ್ನು, ಕೊನೆಗೆ ಸ್ಕೋಪನ್ನು. ಬಂದೂಕು ರಿಪೇರಿ ಮಾಡುವ ಹಿರಿಯರೊಬ್ಬರು ಸ್ಕೋಪ್ ಬಿಚ್ಚಿ, ಸ್ಕೋಪನ್ನು ರೈಫಲಿಗೆ ಸೇರಿಸುವ ಮುಂದಿನ ಬೇಸಿನ ಸ್ಕ್ರೂ ಒಂದನ್ನು ತೆಗೆದು ನನ್ನ ಅಂಗೈಯಲ್ಲಿಟ್ಟರು. ಉಳಿದ ಮೂರು ಸ್ಕ್ರೂಗಳ ತುದಿ ಕಪ್ಪಾಗಿತ್ತು. ಇದರ ತುದಿ ಮಾತ್ರ ಕನ್ನಡಿಯಂತೆ ಹೊಳೆಯುತ್ತಿತ್ತು. ಸ್ಕ್ರೂ ಕೂದಲೆಳೆಯಷ್ಟು ಉದ್ದವಾಗಿ, ರಿಸೀವರಿನ, ಅಂದರೆ ತೋಟೆ ಒಳಗೆ ಹೋಗುವ ಲೋಹದ ಒಡಲಿನ, ಒಳಗೆ ತಿರುಗಿಸಿ ಕೂರಿಸಿದ ನಳಿಗೆಯ ಬುಡಕ್ಕೆ ತಾಗಿ ನಿಂತುಬಿಡುತ್ತಿತ್ತು. ತಿರುಗಿಸುವ ಕೈಗೆ ಬಿಗಿ ಬಂದಂತೆ ಅನಿಸುತ್ತಿತ್ತು, ಬೇಸ್ ಮಾತ್ರ ಸಡಿಲವಾಗಿಯೇ ಇತ್ತು. ಅವರು ಅರದಲ್ಲಿ ನಾಲ್ಕು ಸಲ ಉಜ್ಜಿ, ಒಂದು ಸುತ್ತಿನಷ್ಟು ಗಿಡ್ಡ ಮಾಡಿ ಮತ್ತೆ ಹಾಕಿದರು. ಅಂದಿನಿಂದ ಆ ರೈಫಲ್ ಒಂದೇ ಕಡೆ ಹೊಡೆಯುತ್ತಿದೆ.

ಆ ದಿನದ ನಂತರ ಯಾವ ರೈಫಲನ್ನು ನೋಡಿದರೂ ನನ್ನ ಕಣ್ಣು ಮೊದಲು ಹೋಗುವುದು ರಿಸೀವರಿನ ನೆತ್ತಿಗೆ, ಸ್ಕೋಪ್ ಕೂರುವ ಜಾಗಕ್ಕೆ.

ಯಾವುದನ್ನು ತೂಗಬೇಕು

ಅಂಗಡಿಯವರು ಮಾತು ಶುರು ಮಾಡುವುದು "ಒಂದು ಎಂಒಎ" ಎಂಬುದರಿಂದ. ಒಂದು ಡಿಗ್ರಿಯನ್ನು 60 ಪಾಲು ಮಾಡಿದರೆ ಒಂದು ಪಾಲು. 100 ಗಜ ದೂರದಲ್ಲಿ ಅದು ಸುಮಾರು 2.7 ಸೆಂಟಿಮೀಟರ್. ಟಿಕ್ಕಾ, ವೆದರ್ಬಿ ಮುಂತಾದವರು ಇಷ್ಟರೊಳಗೆ ಮೂರು ಗುಂಡು ಬೀಳುವ ಭರವಸೆ ಕೊಡುತ್ತಾರೆ. ಒತ್ತು "ಮೂರು" ಎಂಬ ಮಾತಿಗೆ ಬೀಳಬೇಕು. ಅದೇ ರೈಫಲಿನಿಂದ ಹತ್ತು ಗುಂಡು ಹೊಡೆದರೆ ಗುಂಪಿನ ಅಗಲ ಸರಾಸರಿ ಒಂದೂವರೆ ಪಟ್ಟಿಗೂ ತುಸು ಹೆಚ್ಚಾಗುತ್ತದೆ. ಇದು ರೈಫಲಿನ ದೋಷವಲ್ಲ, ಬರಿಯ ಲೆಕ್ಕ. ಆದ್ದರಿಂದ ಯಾರಾದರೂ ಮೊಬೈಲಿನಲ್ಲಿ ಮೂರು ತೂತಿನ ಫೋಟೋ ತೋರಿಸಿ ಬೀಗಿದರೆ, ಉಳಿದ ಗುರಿಹಾಳೆಗಳನ್ನೂ ತೋರಿಸಿ ಎನ್ನಿ.

ಬೇಟೆಗೆ ಅಷ್ಟು ಬೇಕೇ ಎಂಬುದೂ ಪ್ರಶ್ನೆಯೇ. ಬಿಳಿಬಾಲದ ಜಿಂಕೆಯ ಹೃದಯ ಮತ್ತು ಶ್ವಾಸಕೋಶ ಇರುವ ಜಾಗ ಸುಮಾರು 20 ಸೆಂಟಿಮೀಟರ್ ಅಗಲ. ಎರಡು ಎಂಒಎ ಹೊಡೆಯುವ ರೈಫಲ್ ಕೂಡ 200 ಗಜದಲ್ಲಿ ಗುಂಡುಗಳನ್ನು ಸುಮಾರು 11 ಸೆಂಟಿಮೀಟರಿನೊಳಗೆ ಇಡುತ್ತದೆ. ಬೇಟೆಗಾರನಿಗೆ ಗುಂಪಿನ ಅಗಲಕ್ಕಿಂತ ಮುಖ್ಯವಾದದ್ದು, ತಣ್ಣನೆಯ ನಳಿಗೆಯಿಂದ ಹೊರಡುವ ಮೊದಲ ಗುಂಡು ಪ್ರತಿ ಸಲವೂ ಅದೇ ಜಾಗಕ್ಕೆ ಹೋಗುವುದು. ಹಾಗಾಗಬೇಕಾದರೆ ಮೂರು ಕಡೆ ನೋಡಬೇಕು: ಸ್ಕೋಪು ರಿಸೀವರಿಗೆ ಸೇರುವ ಜಾಗ, ರಿಸೀವರ್ ಸ್ಟಾಕಿಗೆ (ಭುಜಕ್ಕೆ ಒರಗುವ ಮರದ ಅಥವಾ ಪ್ಲಾಸ್ಟಿಕ್ಕಿನ ಮೈಗೆ) ಸೇರುವ ಜಾಗ, ನಳಿಗೆ ಸ್ಟಾಕಿಗೆ ತಾಗದೆ ಇರಬೇಕಾದ ಜಾಗ. ಟ್ರಿಗರ್, ತೂಕ, ಬೆಲೆ ಇವು ಆಮೇಲೆ.

ಮೊದಲನೆಯ ಜಾಗದ ಬಗ್ಗೆ ತುಸು ಬಿಡಿಸಿ ಹೇಳಬೇಕು. ಬಹುಪಾಲು ರೈಫಲುಗಳ ನೆತ್ತಿಯಲ್ಲಿ ನಾಲ್ಕು ತೂತು ಕೊರೆದು ತಿರುಪು ಮಾಡಿರುತ್ತಾರೆ, ಮುಂದೆ ಎರಡು, ಹಿಂದೆ ಎರಡು. ಅವುಗಳಲ್ಲಿ ಮುಂದಿನ ಜೋಡಿ ಒಂದು ಪಕ್ಕಕ್ಕೆ 0.1 ಮಿಲಿಮೀಟರ್, ಅಂದರೆ ಒಂದು ಎ4 ಹಾಳೆಯ ದಪ್ಪದಷ್ಟು ಸರಿದಿದೆ ಎನ್ನಿ. ಸ್ಕೋಪನ್ನು ಹಿಡಿದಿಡುವ ಎರಡು ರಿಂಗುಗಳ ನಡುವೆ 13 ಸೆಂಟಿಮೀಟರ್ ಅಂತರವಿದ್ದರೆ 100 ಗಜದಲ್ಲಿ ಗುರಿ 7 ಸೆಂಟಿಮೀಟರ್ ಸರಿಯುತ್ತದೆ. ಒಂದೊಂದು ಟಿಕ್ಕಿಗೆ ಗುರಿ ಕಾಲು ಎಂಒಎ ಸರಿಯುವ ಸ್ಕೋಪಿನಲ್ಲಿ ಹತ್ತು ಹನ್ನೊಂದು ಟಿಕ್ ತಿರುಗಿಸಿದರೆ ಸರಿಹೋಗುತ್ತದೆ, ಚಿಂತೆಯಿಲ್ಲ. ಹಾಳೆಯ ಬದಲು ನಾಲ್ಕು ಹಾಳೆ, ಐದು ಹಾಳೆ ಆದಾಗ ಕಷ್ಟ. ಒಟ್ಟು 50ರಿಂದ 60 ಎಂಒಎ ತಿರುಗುವ ಸ್ಕೋಪಿನಲ್ಲಿ ಒಂದು ಪಕ್ಕಕ್ಕೆ ಸಿಗುವುದು ಅದರ ಅರ್ಧ. ಕೊಳವೆ ದುಂಡಗಿರುವುದರಿಂದ ಪಕ್ಕಕ್ಕೆ ಹೆಚ್ಚು ಎಳೆದಷ್ಟೂ ಮೇಲೆ ಕೆಳಗೆ ಹೊಂದಿಸುವ ಜಾಗ ಕಡಿಮೆಯಾಗುತ್ತದೆ. ಅದಕ್ಕಿಂತ ಕೆಟ್ಟದ್ದು, ಸೊಟ್ಟ ರಿಂಗುಗಳ ನಡುವೆ ಸ್ಕೋಪಿನ ಕೊಳವೆಯನ್ನು ಬಿಗಿದಾಗ ಅದು ಬಿಲ್ಲಿನಂತೆ ಬಾಗಿ ನಿಲ್ಲುವುದು. ಅಂಥ ಸ್ಕೋಪಿನಲ್ಲಿ ಟಿಕ್ಕಿಗೆ ಸರಿಯಾಗಿ ಗುರಿ ಸರಿಯುವುದಿಲ್ಲ.

ಸ್ಕೋಪಿನೊಳಗೆ ಗುರಿ ಹಿಡಿಯುವ ಕೂಡುಗೆರೆ ಒಂದೆರಡು ಡಿಗ್ರಿ ವಾಲಿದೆ ಎಂದು ರಾತ್ರಿಯೆಲ್ಲ ನೀರುಮಟ್ಟ ಹಿಡಿದು ಕೂರುವವರನ್ನು ನೋಡಿದ್ದೇನೆ. 100 ಗಜಕ್ಕೆ ಹೊಂದಿಸಿದ .308 ತೋಟೆಯ ರೈಫಲನ್ನು 3 ಡಿಗ್ರಿ ವಾಲಿಸಿ ಹಿಡಿದರೂ 300 ಗಜದಲ್ಲಿ ಗುಂಡು ಪಕ್ಕಕ್ಕೆ ಸರಿಯುವುದು ಒಂದೂವರೆ ಸೆಂಟಿಮೀಟರಿನೊಳಗೆ. 600 ಗಜಕ್ಕೆ ಟರೆಟ್ (ಗುರಿ ಹೊಂದಿಸುವ ಗುಂಡಿ) ತಿರುಗಿಸಿ ಹೊಡೆಯುವವರು ತಲೆಕೆಡಿಸಿಕೊಳ್ಳಲಿ. ಕಾಡಿನಲ್ಲಿ ಮರದ ಮೇಲಿನ ಅಟ್ಟಣೆಯಲ್ಲಿ ಕೂರುವವರು ಊಟ ಮಾಡಿ ಮಲಗಬಹುದು.

ಒಂದೊಂದಾಗಿ

ಟಿಕ್ಕಾ ಟಿ3ಎಕ್ಸ್. ಫಿನ್ಲೆಂಡಿನ ರಿಹಿಮಾಕಿಯಲ್ಲಿ ಸಾಕೋ ಕಾರ್ಖಾನೆ ಮಾಡುತ್ತದೆ. ಟಿ3 ಬಂದದ್ದು 2003ರಲ್ಲಿ, ಟಿ3ಎಕ್ಸ್ 2016ರಲ್ಲಿ. ಇದರ ನೆತ್ತಿಯ ಮೇಲೆ 17 ಮಿಲಿಮೀಟರಿನ ಕಚ್ಚುಪಟ್ಟಿಯನ್ನು (ಡವ್‌ಟೇಲ್) ರಿಸೀವರಿನಲ್ಲೇ ಕಡೆದಿರುತ್ತಾರೆ. ರಿಂಗುಗಳು ನೇರವಾಗಿ ಅದನ್ನೇ ಕಚ್ಚಿಕೊಳ್ಳುತ್ತವೆ. ನಡುವೆ ಬೇಸೂ ಇಲ್ಲ, ಬೇಸಿನ ಸ್ಕ್ರೂವೂ ಇಲ್ಲ, ನನ್ನ ಹೊಳೆಯುವ ತುದಿಯ ಕಥೆಗೆ ಜಾಗವೇ ಇಲ್ಲ. ಬೇಕೆಂದವರಿಗೆ ತೂತುಗಳೂ ಇವೆ. ಹೆಚ್ಚು ಕೊಟ್ಟ ಹಣ ನಿಜವಾಗಿ ಹೋಗುವುದು ಇಲ್ಲಿಗೆ, ಮತ್ತು ತೋಟೆಯನ್ನು ನಳಿಗೆಗೆ ನೂಕಿ ಮುಚ್ಚುವ, ಬೆಣ್ಣೆಯಲ್ಲಿ ಓಡಿದಂತೆ ಓಡುವ ಬೋಲ್ಟಿಗೆ. ಕೊರತೆಯೂ ಉಂಟು. ಗಿಡ್ಡ ತೋಟೆಗೂ ಉದ್ದ ತೋಟೆಗೂ ರಿಸೀವರ್ ಒಂದೇ ಉದ್ದ. ಮ್ಯಾಗಜೀನ್ ಪ್ಲಾಸ್ಟಿಕ್, ಇನ್ನೊಂದು ಕೊಳ್ಳಹೋದರೆ ಬೆಲೆ ಕೇಳಿ ಹುಬ್ಬೇರುತ್ತದೆ. ಹಗುರ ಮಾದರಿಯ ನಳಿಗೆ ತೆಳ್ಳಗಿದೆ. ಮೂರು ನಾಲ್ಕು ಗುಂಡಿನ ನಂತರ ಕಾದು ಗುರಿ ಹರಡಲು ಶುರುವಾದರೆ ಗಾಬರಿಯಾಗಬೇಡಿ, ಹತ್ತು ನಿಮಿಷ ಬಿಟ್ಟು ಹೊಡೆಯಿರಿ.

ರುಗರ್ ಅಮೆರಿಕನ್. 2012ರಿಂದ ಮಾರುಕಟ್ಟೆಯಲ್ಲಿದೆ, ಎರಡನೆಯ ಪೀಳಿಗೆ 2023ರ ಕೊನೆಗೆ ಬಂತು. ಅಗ್ಗದ ರೈಫಲುಗಳಲ್ಲಿ ಇದರ ಜಾಣತನ ಹೊಟ್ಟೆಯೊಳಗಿದೆ: ಸ್ಟಾಕಿನಲ್ಲಿ ಹುದುಗಿಸಿದ ಎರಡು ವಿ ಆಕಾರದ ಲೋಹದ ತುಂಡುಗಳು ರಿಸೀವರನ್ನು ತಬ್ಬಿ ಹಿಡಿಯುತ್ತವೆ, ನಳಿಗೆ ಸ್ಟಾಕಿಗೆ ತಾಗದೆ ತೇಲುತ್ತದೆ. ಹೊಸ ಪೀಳಿಗೆಗೆ ನೆತ್ತಿಯ ಮೇಲೆ ಒಂದೇ ತುಂಡಿನ ರೈಲನ್ನು (ರಿಂಗು ಕಚ್ಚಿಕೊಳ್ಳುವ ಪಟ್ಟಿ) ಕಾರ್ಖಾನೆಯಲ್ಲೇ ಕೂರಿಸಿರುತ್ತಾರೆ. ಒಂದೇ ತುಂಡಾದ್ದರಿಂದ ಮುಂದಿನ ರಿಂಗೂ ಹಿಂದಿನ ರಿಂಗೂ ಒಂದೇ ಗೆರೆಯಲ್ಲಿ ನಿಲ್ಲುತ್ತವೆ. ಆದರೆ ಕಾರ್ಖಾನೆ ಬಿಗಿದದ್ದನ್ನು ನಂಬಬೇಡಿ. ರೈಲನ್ನು ಒಮ್ಮೆ ಬಿಚ್ಚಿ, ಎಣ್ಣೆ ಒರೆಸಿ, ಅಳತೆಗೆ ಸರಿಯಾಗಿ ಮತ್ತೆ ಬಿಗಿಯಿರಿ. ಮೊದಲ ಪೀಳಿಗೆಯ ಪ್ಲಾಸ್ಟಿಕ್ ಸ್ಟಾಕಿನ ಮುಂಭಾಗ ಬಳುಕುತ್ತದೆ. ಎರಡುಗಾಲಿನ ಊರುಗೋಲು ಹಾಕಿ ಮೈಭಾರ ಬಿಟ್ಟರೆ ನಳಿಗೆಗೆ ತಾಗುತ್ತದೆ, ಗುಂಡು ಮೇಲೇರುತ್ತದೆ. ಇದನ್ನು ಕಂಡುಹಿಡಿಯುವುದು ಸುಲಭ. ಒಂದು ಡಾಲರ್ ನೋಟನ್ನು ನಳಿಗೆ ಮತ್ತು ಸ್ಟಾಕಿನ ನಡುವೆ ತೂರಿಸಿ ರಿಸೀವರಿನವರೆಗೂ ಎಳೆಯಿರಿ. ನೀವು ಹೊಡೆಯುವಾಗ ಹೇಗೆ ಒರಗುತ್ತೀರೋ ಹಾಗೆಯೇ ಒರಗಿ ಇನ್ನೊಮ್ಮೆ ಎಳೆಯಿರಿ. ಎರಡನೆಯ ಸಲ ಸಿಕ್ಕಿಕೊಂಡರೆ ಕಾರಣ ಗೊತ್ತಾಯಿತು.

ಸ್ಯಾವೇಜ್. ಇಲ್ಲಿ ಎರಡು ಬೇರೆ ಬೇರೆ ಸರಕುಗಳಿವೆ, ಒಂದೇ ಹೆಸರಿನಡಿ ಬೆರೆಸಬೇಡಿ. 110 ಎಂಬುದು 1958ರಿಂದ ಬಂದ ವಿನ್ಯಾಸ. ನಳಿಗೆಯನ್ನು ಒಂದು ನಟ್ ಹಾಕಿ ಕೂರಿಸುವ ಪದ್ಧತಿ, ಅಲುಗಾಡುವ ಬೋಲ್ಟ್ ತಲೆ, ಇವೆರಡರಿಂದ ಕಡಿಮೆ ಖರ್ಚಿನಲ್ಲೇ ತೋಟೆ ಕೂರುವ ಅಳತೆ ಕರಾರುವಾಕ್ಕಾಗಿ ಸಿಗುತ್ತದೆ. ಬಳಸುವವನೇ ಹೊಂದಿಸಿಕೊಳ್ಳಬಹುದಾದ ಅಕ್ಯುಟ್ರಿಗರ್ ಬಂದಮೇಲೆ ಉಳಿದ ಕಂಪನಿಗಳೂ ತಮ್ಮ ಟ್ರಿಗರುಗಳನ್ನು ತಿದ್ದಿಕೊಳ್ಳಬೇಕಾಯಿತು. ಬೋಲ್ಟ್ ಎಳೆದರೆ ಮರಳಿನಲ್ಲಿ ಎಳೆದಂತಿರುತ್ತದೆ, ಗುಂಡು ಮಾತ್ರ ಹೋಗಬೇಕಾದಲ್ಲಿಗೇ ಹೋಗುತ್ತದೆ. ಆಕ್ಸಿಸ್ ಎಂಬುದು ಅಗ್ಗದ ಕುಡಿ. ಸ್ಕೋಪ್ ಕೂರಿಸಿಯೇ ಮಾರುವ ಪೊಟ್ಟಣವೂ ಸಿಗುತ್ತದೆ. "ಕಾರ್ಖಾನೆಯಲ್ಲೇ ಗುರಿ ಹೊಂದಿಸಿದೆ" ಎಂದು ಪೆಟ್ಟಿಗೆಯ ಮೇಲಿರುವುದರ ಅರ್ಥ, ಮೊದಲ ಗುಂಡು ಬಹುಶಃ ಹಲಗೆಯ ಮೇಲೆ ಎಲ್ಲೋ ಬೀಳುತ್ತದೆ ಎಂದಷ್ಟೇ. ಆಕ್ಸಿಸ್ ಕೊಳ್ಳುವುದಾದರೆ ಬರಿ ರೈಫಲ್ ಕೊಂಡು, ಉಳಿದ ಹಣದಲ್ಲಿ ಸ್ಕೋಪನ್ನು ನೀವೇ ಆರಿಸಿಕೊಳ್ಳಿ. ಇದರ ಸ್ಟಾಕೂ ಬಳುಕುವಂಥದ್ದೇ, ಡಾಲರ್ ನೋಟಿನ ಪರೀಕ್ಷೆ ಇದಕ್ಕೂ ಬೇಕು.

ವೆದರ್ಬಿ ವ್ಯಾನ್‌ಗಾರ್ಡ್. ಹೆಸರು ಅಮೆರಿಕದ್ದು, ಉಕ್ಕು ಜಪಾನಿನ ಹೋವಾ ಕಾರ್ಖಾನೆಯದು. ರಿಸೀವರಿನ ತಳ ಚಪ್ಪಟೆ, ಒದೆತ ತಡೆಯುವ ಕೊಂಬು ಅದರಲ್ಲೇ ಒಂದಾಗಿ ಬಂದಿದೆ. ಆದ್ದರಿಂದ ಸ್ಟಾಕಿನಲ್ಲಿ ಅಲುಗಾಡದೆ ಕೂರುತ್ತದೆ. ಭಾರ ಹೆಚ್ಚು, ಅದೇ ಅದರ ಗುಣ, ಅದೇ ದೋಷ. ಕಾರಿನಿಂದ ಇಳಿದು ಇನ್ನೂರು ಹೆಜ್ಜೆ ನಡೆದು ಕೂರುವವರಿಗೆ ಭಾರವೇ ಒಳ್ಳೆಯದು, ಒದೆತ ಹೀರಿಕೊಳ್ಳುತ್ತದೆ. ಗುಡ್ಡ ಹತ್ತುವವರು ಮಧ್ಯಾಹ್ನದ ಹೊತ್ತಿಗೆ ಶಪಿಸುತ್ತಾರೆ. ನನ್ನ ಲೆಕ್ಕದಲ್ಲಿ ಇದು ಈ ಪಟ್ಟಿಯಲ್ಲಿ ಯಾರೂ ಕೇಳದ, ಕೇಳಬೇಕಾದ ರೈಫಲ್.

ರೆಮಿಂಗ್ಟನ್ 700, ಬಳಸಿದ್ದು. 1962ರಿಂದ ಬಂದಿರುವ ಇದರ ಬಿಡಿಭಾಗ ಸಿಗದ ಊರಿಲ್ಲ. ದುಂಡು ರಿಸೀವರ್, ಒದೆತ ತಡೆಯುವ ಪಟ್ಟಿ ನಳಿಗೆ ಮತ್ತು ರಿಸೀವರಿನ ನಡುವೆ ಸಿಕ್ಕಿಸಿದ ಬೇರೆ ತುಂಡು. ಹಳೆಯ ಮರದ ಸ್ಟಾಕುಗಳಲ್ಲಿ ಮುಂತುದಿಯ ಹತ್ತಿರ ನಳಿಗೆಯನ್ನು ಮೇಲಕ್ಕೆ ಒತ್ತುವ ಉಬ್ಬನ್ನು ಬೇಕೆಂದೇ ಬಿಟ್ಟಿರುತ್ತಾರೆ. ಇದನ್ನು ದೋಷವೆಂದು ತಿಳಿದು ಉಜ್ಜಿ ತೆಗೆದು ಗುರಿ ಕೆಡಿಸಿಕೊಂಡವರಿದ್ದಾರೆ, ಉಜ್ಜಿ ಸುಧಾರಿಸಿಕೊಂಡವರೂ ಇದ್ದಾರೆ. ಆ ಒತ್ತಡದ ತೊಂದರೆಯೆಂದರೆ, ಮರ ತೇವ ಕುಡಿದು ಉಬ್ಬಿದಾಗ ಗುರಿ ಬದಲಾಗುತ್ತದೆ. ಮಳೆಗಾಲದಲ್ಲಿ ನಮ್ಮ ಮನೆಗಳ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳುತ್ತವಲ್ಲ, ಹಾಗೆ. ನೆತ್ತಿಯ ಮುಂಭಾಗಕ್ಕಿಂತ ಹಿಂಭಾಗ ತಗ್ಗಾಗಿರುವುದರಿಂದ ಎರಡು ಬೇಸುಗಳ ಎತ್ತರ ಬೇರೆ ಬೇರೆ. ಯಾರೋ ಅದಲುಬದಲು ಮಾಡಿ ಕೂರಿಸಿದ್ದನ್ನು ನಾನೇ ನೋಡಿದ್ದೇನೆ. ಎಲ್ಲಕ್ಕಿಂತ ಮುಖ್ಯವಾಗಿ ಟ್ರಿಗರ್ ನೋಡಿ. 2006ರಿಂದ 2014ರ ನಡುವೆ ತಯಾರಾದ ಎಕ್ಸ್-ಮಾರ್ಕ್ ಪ್ರೊ ಟ್ರಿಗರುಗಳನ್ನು ಕಂಪನಿ 2014ರಲ್ಲಿ ಹಿಂದಕ್ಕೆ ಕರೆಯಿತು. ಅದಕ್ಕೂ ಹಿಂದಿನ ಟ್ರಿಗರುಗಳ ಮೇಲೂ ವರ್ಷಗಟ್ಟಲೆ ಮೊಕದ್ದಮೆ ನಡೆದಿವೆ. ಟ್ರಿಗರ್ ಬದಲಿಸಿದೆಯೇ ಎಂದು ಕೇಳಿ. ಗೊತ್ತಿಲ್ಲ ಎಂದರೆ ಹೊಸ ಟ್ರಿಗರಿನ ಬೆಲೆಯನ್ನೂ ಕೂಡಿಸಿ ಚೌಕಾಸಿ ಮಾಡಿ.

ಬ್ರೌನಿಂಗ್ ಎಕ್ಸ್-ಬೋಲ್ಟ್ ಬಗ್ಗೆ ಒಂದೇ ಮಾತು: ಒಂದೊಂದು ಬೇಸಿಗೆ ಎರಡರ ಬದಲು ನಾಲ್ಕು ನಾಲ್ಕು ಸ್ಕ್ರೂ. ಸ್ಕೋಪ್ ಕೂರಿಸುವ ಜಾಗವನ್ನು ಇಷ್ಟು ಮುತುವರ್ಜಿಯಿಂದ ಯೋಚಿಸಿದ್ದು ನನಗೆ ಇಷ್ಟ, ಬೆಲೆ ಮಾತ್ರ ಮೇಲಿನವರೆಲ್ಲರಿಗಿಂತ ಒಂದು ಮೆಟ್ಟಿಲು ಮೇಲೆ.

ಯಾರಿಗೆ ಯಾವುದು

ರೈಫಲು, ಸ್ಕೋಪು, ರಿಂಗು, ತೋಟೆ ಎಲ್ಲ ಸೇರಿ 800 ಡಾಲರ್ ದಾಟಬಾರದು ಎನ್ನುವವರು ಆಕ್ಸಿಸ್ ಅಥವಾ ರುಗರ್ ನೋಡಿ. ಇವೆರಡರಲ್ಲಿ ನನ್ನ ಮತ ರುಗರಿಗೆ, ಕಾರಣ ಹೊಟ್ಟೆಯೊಳಗಿನ ಆ ವಿ ತುಂಡುಗಳು. ರೈಫಲಿಗೆ ಎಷ್ಟೋ ಅದರ ಅರ್ಧವಾದರೂ ಸ್ಕೋಪಿಗೆ ಇಡಿ. 900 ಡಾಲರಿನ ರೈಫಲಿನ ಮೇಲೆ 80 ಡಾಲರಿನ ಸ್ಕೋಪ್ ಇಟ್ಟವನಿಗಿಂತ, 500ರ ಮೇಲೆ 300ರದ್ದು ಇಟ್ಟವನು ನವೆಂಬರಿನ ಮಂಕು ಬೆಳಕಿನಲ್ಲಿ ಜಿಂಕೆಯನ್ನು ಚೆನ್ನಾಗಿ ಕಾಣುತ್ತಾನೆ.

1,200ರವರೆಗೆ ಹೋಗಬಲ್ಲವರು, ಒಮ್ಮೆ ಕೊಂಡರೆ ಮತ್ತೆ ಬದಲಿಸದವರು, ಸ್ಕ್ರೂಡ್ರೈವರ್ ಹಿಡಿಯಲು ಇಷ್ಟವಿಲ್ಲದವರು ಟಿಕ್ಕಾ ಕೊಳ್ಳಿ. ನಡೆಯುವುದು ಕಡಿಮೆ, ಭುಜಕ್ಕೆ ಒದೆತದ ಭಯ ಹೆಚ್ಚು ಎನ್ನುವವರಿಗೆ ವ್ಯಾನ್‌ಗಾರ್ಡ್. ಬಿಚ್ಚಿ ಜೋಡಿಸುವುದರಲ್ಲೇ ಸುಖ ಕಾಣುವವರಿಗೆ ಸ್ಯಾವೇಜ್ 110 ಅಥವಾ ಹಳೆಯ 700. ಅಂಥವರು ನನ್ನ ಮಾತು ಕೇಳುವುದೂ ಇಲ್ಲ. ತೋಟೆ ಯಾವುದೆಂದು ತಲೆಕೆಡಿಸಿಕೊಳ್ಳಬೇಡಿ. .308, .30-06, .270, 6.5 ಕ್ರೀಡ್‌ಮೂರ್, ಯಾವುದಾದರೂ ಜಿಂಕೆಗೆ ಸಾಕು. ನಿಮ್ಮ ಊರಿನ ಅಂಗಡಿಯಲ್ಲಿ ಯಾವುದರ ಪೆಟ್ಟಿಗೆಗಳು ಹೆಚ್ಚು ಜೋಡಿಸಿಟ್ಟಿವೆಯೋ ಅದನ್ನು ಆರಿಸಿ. ಮೂರು ಬೇರೆ ಬೇರೆ ತಯಾರಿಕೆಯ ತೋಟೆ ತಂದು ಹೊಡೆದು ನೋಡಿ. ಕಾರ್ಖಾನೆಯ ರೈಫಲಿಗೆ ಒಂದು ತೋಟೆ ಒಗ್ಗುತ್ತದೆ, ಇನ್ನೊಂದು ಒಗ್ಗುವುದಿಲ್ಲ. ಮನುಷ್ಯರ ಜೀರ್ಣಶಕ್ತಿಯಂತೆ, ಕಾರಣ ಕೇಳಿ ಪ್ರಯೋಜನವಿಲ್ಲ.

ಕೊಂಡ ಮೇಲೆ ಮೊದಲ ಸಂಜೆ

ತೋಟೆಗಳು ಇನ್ನೊಂದು ಕೋಣೆಯಲ್ಲಿರಲಿ. ಬೋಲ್ಟ್ ಹೊರತೆಗೆದು ನಳಿಗೆ ಖಾಲಿಯಿದೆಯೆಂದು ಕಣ್ಣಿಟ್ಟು ನೋಡಿ. ರಟ್ಟಿನ ಪೆಟ್ಟಿಗೆಯ ಎರಡು ಬದಿಗೆ ವಿ ಆಕಾರದ ಕಚ್ಚು ಮಾಡಿ, ಸ್ಕೋಪನ್ನು ಅದರ ಮೇಲೆ ಮಲಗಿಸಿ ನಿಧಾನ ಉರುಳಿಸಿ. ಕೂಡುಗೆರೆ ದೂರದ ಬಿಂದುವಿನ ಸುತ್ತ ಗಿರಕಿ ಹೊಡೆಯುವುದು ನಿಲ್ಲುವವರೆಗೂ ಗುರಿ ಹೊಂದಿಸುವ ಎರಡು ಗುಂಡಿಗಳನ್ನು ತಿರುಗಿಸಿದರೆ ಸ್ಕೋಪು ತನ್ನ ನಡುವಿಗೆ ಬಂದಂತೆ. ಈಗ ಸ್ಕೋಪ್ ಕೂರಿಸಿ, ರೈಫಲನ್ನು ಮರಳಿನ ಚೀಲದ ಮೇಲಿಟ್ಟು ನಳಿಗೆಯೊಳಗಿಂದ ಹಿತ್ತಲ ಬೇಲಿಯ ಮೇಲಿನ ಒಂದು ಗುರುತನ್ನು ನೋಡಿ, ಆಮೇಲೆ ಅಲುಗಿಸದೆ ಸ್ಕೋಪಿನಲ್ಲಿ ನೋಡಿ. ಎರಡೂ ಹತ್ತಿರ ಹತ್ತಿರ ಇದ್ದರೆ ನೆತ್ತಿ ನೆಟ್ಟಗಿದೆ. 25 ಗಜದಲ್ಲಿ ಒಂದು ಅಂಗೈಯಷ್ಟು ಪಕ್ಕಕ್ಕೆ ಹೋಗಿದ್ದರೆ ಅಂಗಡಿಗೆ ಹಿಂದಿರುಗಿಸುವುದು ಆ ವಾರವೇ ಸುಲಭ. ಹಿಂದಿರುಗಿಸಲಾಗದಿದ್ದರೆ ಹಿಂಬದಿಯಲ್ಲಿ ಪಕ್ಕಕ್ಕೆ ಸರಿಸಬಹುದಾದ ಬೇಸು, ಅಥವಾ ಒಳಗೆ ಪ್ಲಾಸ್ಟಿಕ್ ಬಳೆಯಿರುವ ಬರಿಸ್ ಸಿಗ್ನೇಚರ್ ರಿಂಗು ಬಳಸಿ. ಆ ಬಳೆಗಳನ್ನು ಬದಲಿಸಿ ಸೊಟ್ಟವನ್ನು ನುಂಗಿಕೊಳ್ಳಬಹುದು, ಕೊಳವೆಯೂ ಬಾಗುವುದಿಲ್ಲ.

ರಿಂಗಿನ ಮುಚ್ಚಳಕ್ಕೆ ಸಾಮಾನ್ಯವಾಗಿ 15ರಿಂದ 18 ಇಂಚ್-ಪೌಂಡ್ ಬಿಗಿ ಸಾಕು, ಪೆಟ್ಟಿಗೆಯೊಳಗಿನ ಚೀಟಿ ಬೇರೆ ಹೇಳಿದರೆ ಚೀಟಿಯೇ ಸರಿ. ಬೇಸಿನ ಒಂದೊಂದು ಸ್ಕ್ರೂವನ್ನೂ ಬಿಗಿದ ಮೇಲೆ ಒಮ್ಮೆ ಹೊರತೆಗೆದು ತುದಿ ನೋಡಿ. ಹೊಳೆಯುತ್ತಿದ್ದರೆ ಗೊತ್ತಲ್ಲ.

ನಂತರ ಐದು ಬೇರೆ ಬೇರೆ ದಿನ ರೇಂಜಿಗೆ ಹೋಗಿ. ಪ್ರತಿ ದಿನದ ಮೊದಲ ಗುಂಡನ್ನು ಮಾತ್ರ ಒಂದೇ ಹಾಳೆಗೆ ಹೊಡೆದು, ಹಾಳೆಯನ್ನು ಮಡಚಿ ಮನೆಗೆ ತನ್ನಿ. ಐದನೆಯ ದಿನ ಆ ಹಾಳೆಯಲ್ಲಿರುವ ಐದು ತೂತುಗಳ ಅಗಲವೇ ನಿಮ್ಮ ರೈಫಲಿನ ನಿಜವಾದ ಅಳತೆ. ನನ್ನದು ಆರು ಸೆಂಟಿಮೀಟರ್ ಇದೆ; ಅದಕ್ಕಾಗಿ ನಾನು ಯಾವ ಜಿಂಕೆಯ ಕ್ಷಮೆಯನ್ನೂ ಕೇಳಬೇಕಾಗಿ ಬಂದಿಲ್ಲ. ಸ್ಕ್ರೂವಿನ ಬಿಗಿ ಅಳೆಯುವ ಟಾರ್ಕ್ ವ್ರೆಂಚಿಗೆ ಹಣ ಉಳಿಯಲಿಲ್ಲ ಎನ್ನುವ ಮಿಲ್ವಾಕಿ ಸುತ್ತಮುತ್ತಲಿನವರು ನನ್ನದನ್ನೇ ಕೊಂಡೊಯ್ಯಬಹುದು. ನವೆಂಬರ್ ಎರಡನೆಯ ವಾರದೊಳಗೆ ವಾಪಸ್ ಬರಬೇಕು, ಆಗ ಅದರ ಕೆಲಸ ನನಗೂ ಇರುತ್ತದೆ.